ಮೂರನೆಯ ಚೌಕ

ಶಾಲೆಯಲ್ಲಿ ಆಕೆಯನ್ನು ಎಲ್ಲರೂ ಕಿವಿ ಮಿಸ್ ಎಂದೇ ಕರೆಯುತ್ತಿದ್ದರು. ಪಾಠ ಮಾಡುವುದಿಲ್ಲ, ಗದರುವುದಿಲ್ಲ, ಅಂಕ ಹಾಕುವುದಿಲ್ಲ. ಕೂತು ಮಕ್ಕಳ ಮಾತು ಕೇಳುವುದಷ್ಟೇ ಕೆಲಸ. ಇದು ಮಕ್ಕಳಿಗಿಂತ ಮೇಷ್ಟರುಗಳಿಗೇ ದೊಡ್ಡ ತಮಾಷೆಯಾಗಿತ್ತು. ‘ಏನ್ ಮಿಸ್, ಇವತ್ತು ಎರಡೂ ಕಿವಿ ತುಂಬ್ತಾ, ಒಂದೇನಾ?’ ಎಂದು ಗಣಿತದ ಮೇಷ್ಟರು ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದರು.

ಪ್ರತಿ ಶಾಲೆಯಲ್ಲೂ ಒಬ್ಬ ಆಪ್ತ ಸಮಾಲೋಚಕರು ಇರಲೇಬೇಕೆಂದು ಮೇಲಿನಿಂದ ಆದೇಶ ಬಂದಾಗ ಹೆಡ್‌ಮಾಸ್ಟರು ಭೂಪಟಗಳನ್ನು ಸುತ್ತಿಡುತ್ತಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಎರಡು ಕುರ್ಚಿ, ಒಂದು ಮೇಜು, ಒಂದು ಕಬ್ಬಿಣದ ಕಪಾಟು ಕೊಟ್ಟಿದ್ದರು. ಕಪಾಟಿಗೆ ಬೀಗವಿರಲಿಲ್ಲ. ಕೇಳಿದ್ದಕ್ಕೆ, ‘ನಮ್ಮ ನಮ್ಮಲ್ಲಿ ಬೀಗ ಯಾಕೆ ಮಿಸ್?’ ಎಂದು ನಕ್ಕಿದ್ದರು. ಆಕೆಯೂ ನಕ್ಕಿದ್ದಳು. ಅಲ್ಲಿಗೆ ಬೀಗದ ಮಾತು ಮುಗಿದಿತ್ತು.

ಹತ್ತನೇ ತರಗತಿಯ ತೂಕಡಿಕೆ ಆ ಕೋಣೆಗೆ ಮೊದಲ ಸಲ ಬಂದದ್ದು ಶಿಕ್ಷೆಯಾಗಿ. ತೂಕಡಿಕೆ ಎನ್ನುವುದು ತರಗತಿ ಇಟ್ಟ ಹೆಸರು. ಹಾಜರಿ ಕರೆಯುವಾಗ ಬಿಟ್ಟರೆ ಆ ಹುಡುಗಿಯನ್ನು ಬೇರೆ ಹೆಸರಿನಿಂದ ಯಾರೂ ಕರೆಯುತ್ತಿರಲಿಲ್ಲ. ಬೆಂಚಿಗೆ ಕೆನ್ನೆಯಿಟ್ಟರೆ ಸಾಕು, ನಿದ್ದೆ. ಎಬ್ಬಿಸಿದಾಗ ನೋಟ್‌ಬುಕ್ಕಿನ ಸುರುಳಿ ತಂತಿಯ ಅಚ್ಚು ಕೆನ್ನೆಯ ಮೇಲೆ ಸಾಲಾಗಿ ಮೂಡಿರುತ್ತಿತ್ತು. ಒಂದು ದಿನ ಗಣಿತದ ಮೇಷ್ಟರು, ‘ಮನೇಲಿ ಹಾಸಿಗೆ ಇಲ್ಲಾಂತ ಕಾಣುತ್ತೆ. ಹೋಗಮ್ಮ, ಕಿವಿ ಮಿಸ್ ಹತ್ರ ಜೋಗುಳ ಹಾಡಿಸ್ಕೋ’ ಎಂದು ಕಳಿಸಿದರು. ತರಗತಿ ನಕ್ಕಿತು. ಹುಡುಗಿ ಬಂದು ಎದುರಿನ ಕುರ್ಚಿಯಲ್ಲಿ ಕೂತು ಅಲ್ಲೂ ನಿದ್ದೆ ಹೋದಳು. ಕಿವಿ ಮಿಸ್ ಎಬ್ಬಿಸಲಿಲ್ಲ. ಬೆಲ್ಲು ಹೊಡೆಯುವವರೆಗೆ ಕಿಟಕಿಯ ಪರದೆಯನ್ನು ಕೈಯಲ್ಲಿ ಹಿಡಿದು ಬಿಸಿಲು ತಡೆದು ನಿಂತಳು.

ಹುಡುಗಿ ಮತ್ತೆ ಬರಲು ಅದೇ ಕಾರಣ. ನಾಲ್ಕನೇ ವಾರ ಮಾತಾಡಿದಳು.

‘ಮನೇಲಿ ಯಾರ‍್ಯಾರು ಇದೀರಿ?’

‘ಅಮ್ಮ, ಅಜ್ಜಿ, ನಾನು.’

‘ಅಪ್ಪ?’

‘ಇದಾರೆ. ನಮ್ಮನೇಲಿಲ್ಲ, ಅಷ್ಟೆ.’

ಅಮ್ಮನಿಗೆ ದೊಡ್ಡ ಲಾಂಡ್ರಿಯೊಂದರಲ್ಲಿ ಕೆಲಸ. ಆಸ್ಪತ್ರೆಗಳ, ಹೋಟೆಲುಗಳ ಹೊದಿಕೆ ಒಗೆಯುವ ಕಾರ್ಖಾನೆ ಅದು. ಬೆಳಗಿನ ಪಾಳಿ ಐದಕ್ಕೆ ಶುರು. ಅಮ್ಮ ಬಾಗಿಲು ದಾಟಿದ ಸದ್ದಿಗೆ ಅಜ್ಜಿ ಏಳುತ್ತಾಳೆ. ಅಜ್ಜಿ ಅಂದರೆ ಅಮ್ಮನ ಅಮ್ಮ. ಅವಳಿಗೆ ಎರಡು ವರ್ಷದಿಂದ ನೆನಪು ಒಂದೊಂದಾಗಿ ಕಳಚಿಕೊಳ್ಳುತ್ತಿದೆ. ಎದ್ದವಳೇ ಚಿಕ್ಕಂದಿನ ಯಾವುದೋ ಮನೆಗೆ ಹೊರಡುತ್ತಾಳೆ. ಮೊಮ್ಮಗಳನ್ನು ‘ಅಕ್ಕಾ’ ಎನ್ನುತ್ತಾಳೆ. ‘ಅಕ್ಕಾ, ಬಿಡೇ, ಅಪ್ಪ ಹುಡುಕ್ತಿರ್ತಾರೆ.’ ಮೂರು ಸಲ ಬೀದಿಗಿಳಿದಿದ್ದಳು. ಒಂದು ಸಲ ಬಸ್ಸಿನ ಚಕ್ರಕ್ಕೂ ಅವಳಿಗೂ ಒಂದು ಮೊಳ ಉಳಿದಿತ್ತು. ಆವತ್ತಿನಿಂದ ಹುಡುಗಿ ಹಳೇ ಟವೆಲಿನ ಒಂದು ತುದಿಯನ್ನು ಅಜ್ಜಿಯ ಮಣಿಕಟ್ಟಿಗೆ, ಇನ್ನೊಂದನ್ನು ತನ್ನ ಮಣಿಕಟ್ಟಿಗೆ ಕಟ್ಟಿಕೊಂಡು ಕೂರುತ್ತಾಳೆ. ಒದ್ದೆಯಾದ ಬಟ್ಟೆ ಬದಲಿಸಿ, ಮುಖ ತೊಳೆಸಿ, ಚಮಚದಲ್ಲಿ ತಿನ್ನಿಸಿ ಮುಗಿಸುವ ಹೊತ್ತಿಗೆ ಎಂಟು. ಆಗ ಪಕ್ಕದ ಮನೆಯಾಕೆ ಬಂದು ಕೂರುತ್ತಾರೆ. ಹತ್ತನೆಯವರಿಗೆ ಶಾಲೆ ಏಳೂವರೆಗೆ.

‘ಕೈ ಕಟ್ಕೊಂಡು ಲೆಕ್ಕ ಮಾಡೋದು ಕಷ್ಟ ಮಿಸ್. ಅಜ್ಜಿ ಎಳೆದಾಗೆಲ್ಲ ಭಾಗಾಕಾರ ಕೆಳಗಿನ ಸಾಲಿಗೆ ಹೋಗುತ್ತೆ’ ಎಂದು ನಕ್ಕಳು. ನಗುತ್ತಲೇ, ‘ಅಜ್ಜಿ ಸತ್ತೋದ್ರೆ ನಾನು ಒಂದಿನ ಪೂರ್ತಿ ಮಲಗ್ತೀನಿ ಮಿಸ್’ ಎಂದಳು. ಅಂದ ಮಾತು ತನ್ನ ಕಿವಿಗೇ ಬಿದ್ದು ಬಾಯಿಗೆ ಕೈ ಹೋಯಿತು.

‘ಯಾರಿಗೂ ಹೇಳಲ್ಲ ತಾನೇ?’

‘ಹೇಳಲ್ಲ’ ಎಂದಳು ಕಿವಿ ಮಿಸ್.

ಹೇಳಲಿಲ್ಲ. ಬರೆದಳು. ಅವಳ ಕಸುಬಿನ ಮೊದಲ ಪಾಠವೇ ಅದು: ಮಗುವಿನ ಮಾತನ್ನು ಮಗುವಿನ ಮಾತಿನಲ್ಲೇ ಬರೆಯಬೇಕು, ನಿಮ್ಮದನ್ನು ಸೇರಿಸಬಾರದು. ತರಬೇತಿಯಲ್ಲಿ ಹಾಗೆ ಬರೆದವರಿಗೆ ಭೇಷ್ ಎನ್ನುತ್ತಿದ್ದರು.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ತೂಕಡಿಕೆ ಮೂರು ವಿಷಯದಲ್ಲಿ ಫೇಲಾದಳು. ದೊಡ್ಡ ಪರೀಕ್ಷೆಗೆ ನಾಲ್ಕು ತಿಂಗಳಿತ್ತು. ಕಷ್ಟದಲ್ಲಿರುವ ಮಕ್ಕಳಿಗೆ ಪರೀಕ್ಷೆಯಲ್ಲಿ ಅರ್ಧ ಗಂಟೆ ಹೆಚ್ಚು ಸಮಯ, ಬೇರೆ ಕೋಣೆ ಕೊಡಿಸಲು ಒಂದು ನಮೂನೆಯಿದೆ. ಅದರ ಕೊನೆಯಲ್ಲಿ ಮೂರು ಚೌಕ: ಸಾಧಾರಣ, ಮಧ್ಯಮ, ತೀವ್ರ. ಹುಡುಗಿಯ ಸ್ಥಿತಿ ಮಧ್ಯಮ ಎಂದು ಕಿವಿ ಮಿಸ್‌ಗೆ ಗೊತ್ತಿತ್ತು. ಹುಡುಗಿಗೆ ಬೇಕಾಗಿದ್ದದ್ದು ನಿದ್ದೆ, ಲೆಕ್ಕ ಹೇಳಿಕೊಡುವ ಒಬ್ಬರು, ಬೆಳಗ್ಗೆ ಅಜ್ಜಿಯ ಪಕ್ಕ ಕೂರುವ ಇನ್ನೊಬ್ಬರು. ಆದರೆ ನಡುವಿನ ಚೌಕಕ್ಕೆ ಗೆರೆ ಎಳೆದ ನಮೂನೆಗೆ ಮೇಲಿನ ಕಚೇರಿಯಲ್ಲಿ ಯಾರೂ ಮುದ್ರೆ ಒತ್ತುವುದಿಲ್ಲ ಎಂಬುದು ಆ ಕಸುಬಿನವರಿಗೆಲ್ಲ ಗೊತ್ತು. ತಲೆನೋವು ಎಂದರೆ ರಜೆ ಸಿಗದ ಕಡೆ ಜನ ತಲೆಯೇ ಒಡೆಯಿತು ಎನ್ನುತ್ತಾರಲ್ಲ, ಹಾಗೆ ಎಲ್ಲರೂ ಮೂರನೆಯದಕ್ಕೇ ಗೆರೆ ಎಳೆಯುತ್ತಾರೆ. ಆ ವರ್ಷ ಆಕೆ ನಾಲ್ಕು ಮಕ್ಕಳಿಗೆ ಹಾಗೆಯೇ ಎಳೆದಿದ್ದಳು: ಅಕ್ಷರಗಳು ಕಣ್ಣೆದುರು ಜಾಗ ಬದಲಿಸುವ ಒಬ್ಬ ಹುಡುಗ, ಪ್ರಶ್ನೆಪತ್ರಿಕೆ ಕಂಡರೆ ವಾಂತಿ ಮಾಡುವ ಒಬ್ಬ ಹುಡುಗಿ, ತಾಯಿ ತೀರಿದ ಮೇಲೆ ಮಾತು ನಿಲ್ಲಿಸಿದ ಅವಳಿ ಅಣ್ಣತಮ್ಮ. ನಾಲ್ಕಕ್ಕೂ ಮುದ್ರೆ ಬಿದ್ದಿತ್ತು.

ಐದನೆಯದನ್ನು ತುಂಬಿದಳು. ಮೂರನೆಯ ಚೌಕದಲ್ಲಿ ಗೆರೆ ಎಳೆದಳು. ಆಧಾರ ಬೇಕಲ್ಲ, ತನ್ನ ಟಿಪ್ಪಣಿಯ ಹಾಳೆಗಳನ್ನೂ ಜೊತೆಗೆ ಲಗತ್ತಿಸಿ ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟಳು.

ಮೊದಲ ನಾಲ್ಕು ನಮೂನೆಗಳು ಆ ಮೇಜಿನಿಂದ ಒಂದೇ ದಿನದಲ್ಲಿ ಹೊರಟಿದ್ದವು, ಯಾಕೆಂದರೆ ಆ ನಾಲ್ವರೂ ಹೇಗೂ ಪಾಸಾಗುವ ಮಕ್ಕಳು. ಐದನೆಯದು ಹತ್ತು ದಿನ ಅಲ್ಲೇ ಇತ್ತು. ಈ ಶಾಲೆ ಒಂಬತ್ತು ವರ್ಷದಿಂದ ನೂರಕ್ಕೆ ನೂರು. ಗೇಟಿನ ಮೇಲೆ ಹಾಗೆ ಬರೆಸಿದ್ದಾರೆ. ಊರಿನ ತಂದೆತಾಯಂದಿರು ಅದನ್ನು ನೋಡಿಯೇ ಮಕ್ಕಳನ್ನು ತಂದು ಸೇರಿಸುತ್ತಾರೆ. ನೂರಕ್ಕೆ ನೂರು ಎನ್ನುವುದು ಪಾಠದ ಫಲ ಎಂದು ಅವರು ತಿಳಿದಿದ್ದಾರೆ. ಅಲ್ಲ, ಅದು ಜರಡಿಯ ಫಲ. ದೊಡ್ಡ ಪರೀಕ್ಷೆಗೆ ಮಕ್ಕಳ ಹೆಸರಿನ ಪಟ್ಟಿ ಹೋಗುವ ಮೊದಲು ಶಾಲೆ ಒಮ್ಮೆ ಜರಡಿ ಹಿಡಿಯುತ್ತದೆ. ನಿಲ್ಲದ ಮಕ್ಕಳು ಕೆಳಗೆ ಉದುರುತ್ತಾರೆ. ಯಾವ ಮಗುವನ್ನೂ ಪರೀಕ್ಷೆಯಿಂದ ತಡೆಯುವಂತಿಲ್ಲ ಎಂದು ಕಾನೂನಿದೆ. ಅದಕ್ಕೇ ಯಾರನ್ನೂ ತಡೆಯುವುದಿಲ್ಲ. ತಾಯಿಯೋ ತಂದೆಯೋ ತಾವಾಗಿಯೇ ಬಂದು, ‘ನನ್ನ ಮಗುವಿಗೆ ಈ ವರ್ಷ ಬೇಡ, ಮುಂದಿನ ವರ್ಷ ಖಾಸಗಿಯಾಗಿ ಪರೀಕ್ಷೆ ಕಟ್ಟಿಸುತ್ತೇವೆ’ ಎಂದು ಪತ್ರ ಬರೆದುಕೊಡುತ್ತಾರೆ. ಒಂಬತ್ತು ವರ್ಷದಿಂದ ತಾವಾಗಿಯೇ ಬರೆದುಕೊಡುತ್ತಿದ್ದಾರೆ.

ಬುಧವಾರ ಮಧ್ಯಾಹ್ನ ಹೆಡ್‌ಮಾಸ್ಟರು ತೂಕಡಿಕೆಯ ಅಮ್ಮನನ್ನು ಕರೆಸಿದರು. ಕಿವಿ ಮಿಸ್‌ಗೂ ಹೇಳಿಕಳಿಸಿದರು. ಅರ್ಧ ಗಂಟೆ ಹೆಚ್ಚು ಸಮಯದ ವಿಷಯಕ್ಕೇ ಇರಬೇಕು ಎಂದುಕೊಂಡು ಆಕೆ ಸ್ವಲ್ಪ ಹುರುಪಿನಲ್ಲೇ ಹೋದಳು.

ಅಮ್ಮ ಪಾಳಿ ಮುಗಿಸಿ ನೇರ ಬಂದಿದ್ದಳು. ಮುಂಗೈ ಮೇಲೆ ಹಳೆಯ ಸುಟ್ಟ ಗೀರುಗಳು, ಬೆರಳ ತುದಿಗಳು ನೀರಿಗೆ ಸುಕ್ಕುಗಟ್ಟಿ ಬಿಳಿಚಿದ್ದವು. ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಹುಡುಗಿ ಬಹುಮಾನದ ಕಪ್ಪುಗಳಿದ್ದ ಬೀರುವಿನ ಪಕ್ಕ ನಿಂತಿದ್ದಳು. ಹೆಡ್‌ಮಾಸ್ಟರು ಎಂದೂ ದನಿ ಏರಿಸದ ಮನುಷ್ಯ. ಬಿಸಿನೀರಿನ ಲೋಟದಿಂದ ಒಂದು ಗುಟುಕು ಕುಡಿದು, ಕನ್ನಡಕ ಹಾಕಿಕೊಂಡು, ‘ನೋಡಿ ತಾಯಿ, ಇದು ನನ್ನ ಮಾತಲ್ಲ. ಈ ವಿಷಯ ಓದ್ಕೊಂಡಿರೋವ್ರು ಬರೆದಿರೋದು. ನಾನು ಓದ್ತೀನಿ ಅಷ್ಟೆ’ ಎಂದು ಶುರುಮಾಡಿದರು.

ಪೂರ್ತಿ ಓದಿದರು. ಟವೆಲು ಓದಿದರು, ಭಾಗಾಕಾರ ಓದಿದರು. ‘ಅಜ್ಜಿ ಸತ್ತೋದ್ರೆ ನಾನು ಒಂದಿನ ಪೂರ್ತಿ ಮಲಗ್ತೀನಿ ಮಿಸ್’ ಎಂಬುದನ್ನು ಆ ಕೊನೆಯ ‘ಮಿಸ್’ ಸಮೇತ, ಸುತ್ತೋಲೆ ಓದುವ ದನಿಯಲ್ಲಿ ಓದಿದರು.

ಅಮ್ಮ ಮಗಳ ಕಡೆ ತಿರುಗಲಿಲ್ಲ. ಕಿವಿ ಮಿಸ್ ಕಡೆ ನೋಡಿದಳು.

‘ಇದು ನೀವೇ ಬರ್ದಿದ್ದಾ ಮೇಡಂ?’

‘ಹೌದು, ಆದ್ರೆ ಅದು—’

‘ತೀವ್ರ ಅಂತ ಇದ್ಯಲ್ಲ, ಅಂದ್ರೆ ಜಾಸ್ತಿ ಅಂತ ತಾನೇ?’

‘ಅದಕ್ಕಿಂತ ಮೇಲೆ ಚೌಕವೇ ಇಲ್ಲ ತಾಯಿ’ ಎಂದರು ಹೆಡ್‌ಮಾಸ್ಟರು. ‘ಇಂಥಾ ಮಗೂನ ಪರೀಕ್ಷೆಗೆ ಕೂರಿಸಿ, ಅದು ಏನಾದ್ರೂ ಮಾಡ್ಕೊಂಡ್ರೆ? ನಿಮಗಿರೋದು ಒಂದೇ ಮಗು.’

ಅಮ್ಮನ ಕೈಗಳು ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡವು. ಹೆಡ್‌ಮಾಸ್ಟರು ಬಿಳಿ ಹಾಳೆ, ಪೆನ್ನು ಮುಂದಿಟ್ಟು ನಿಧಾನವಾಗಿ ಹೇಳಿಕೊಟ್ಟರು. ಅಮ್ಮ ಬರೆಯುತ್ತ ಹೋಗಿ ಒಂದು ಕಡೆ ನಿಂತಳು.

‘ಸ್ವಇಚ್ಛೆಯಿಂದ ಅಂದ್ರೆ?’

‘ನೀವಾಗೇ ಕೇಳ್ತಿದೀರಿ ಅಂತ.’

‘ನಾನೆಲ್ಲಿ ಕೇಳ್ದೆ?’

‘ಬರೀರಿ ತಾಯಿ. ಮಗೂಗೆ ಒಳ್ಳೇದು.’

ಬರೆದಳು. ಕಿವಿ ಮಿಸ್ ಬಾಯಿ ತೆರೆದಳು. ಹೆಡ್‌ಮಾಸ್ಟರು ಲೋಟ ಎತ್ತಿ, ‘ನೀವು ಸ್ವಲ್ಪ ಇರಿ ಮಿಸ್, ನಿಮ್ಮ ಹತ್ರ ಬೇರೆ ಮಾತಿದೆ’ ಎಂದರು. ಆಕೆ ಬಾಯಿ ಮುಚ್ಚಿದಳು. ತಾಯಿ ಮಗಳು ಹೊರಗೆ ಹೋಗುವಾಗ ಹುಡುಗಿಯ ಭುಜ ಮುಟ್ಟಲು ಕೈ ಚಾಚಿದಳು. ಹುಡುಗಿ ಬಿಸಿ ಪಾತ್ರೆಗೆ ಮೈ ತಾಗಬಾರದೆಂಬಂತೆ ಪಕ್ಕಕ್ಕೆ ಸರಿದು ಹೋದಳು.

ಬಾಗಿಲು ಮುಚ್ಚಿದ ಮೇಲೆ ಕಿವಿ ಮಿಸ್ ಹೇಳಿದಳು: ‘ಸರ್, ಅದು ಸಮಯ ಕೊಡಿಸೋಕೆ ಬರ್ದಿದ್ದು. ಪರೀಕ್ಷೆ ತಪ್ಪಿಸೋಕಲ್ಲ. ಅವಳಿಗೆ ಅಷ್ಟೇನೂ ಇಲ್ಲ. ನಾನು ಹೆಚ್ಚು ಬರೆದೆ. ಎಲ್ಲರೂ ಹಾಗೇ ಬರೆಯೋದು.’

‘ಓಹೋ.’ ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿದರು. ‘ಹಾಗಾದ್ರೆ ಉಳಿದ ನಾಲ್ಕೂ ಹೆಚ್ಚೇ?’

ಆಕೆಯ ಕಣ್ಣು ಮೇಜಿನ ಮೇಲಿದ್ದ ನಮೂನೆಗೆ ಹೋಯಿತು.

‘ಸುಳ್ಳು ಅಂತ ಬರ್ಕೊಡಿ, ಈಗಲೇ ಪತ್ರ ಹರೀತೀನಿ. ಆದ್ರೆ ಒಂದು ಸುಳ್ಳು ಅಂದ್ಮೇಲೆ ಐದನ್ನೂ ಮರುಪರಿಶೀಲನೆಗೆ ಕಳಿಸ್ಬೇಕಾಗುತ್ತೆ. ನಿಯಮ ನಿಯಮವೇ. ಆ ವಾಂತಿ ಮಾಡ್ಕೊಳ್ಳೋ ಹುಡುಗಿ, ಆ ಅವಳಿಗಳು... ಪಾಪ.’ ಲೋಟ ಕೆಳಗಿಟ್ಟರು. ‘ಹಾವೂ ಸಾಯಬಾರದು, ಕೋಲೂ ಮುರೀಬಾರದು. ಪಟ್ಟಿ ಶನಿವಾರ ಹೋಗುತ್ತೆ. ಯೋಚನೆ ಮಾಡಿ.’

ಎರಡು ದಿನ ಯೋಚನೆ ಮಾಡಿದಳು. ಬಾಯಲ್ಲಿಟ್ಟ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನಾಲ್ಕು ಮಕ್ಕಳನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟಳು, ಒಂದನ್ನು ಇನ್ನೊಂದರಲ್ಲಿ. ನಾಲ್ಕು ಒಂದಕ್ಕಿಂತ ಭಾರ ಎಂದು ತನಗೇ ಹೇಳಿಕೊಂಡಳು. ಆ ನಾಲ್ಕರ ಜೊತೆ ತನ್ನ ನೌಕರಿಯೂ ಅದೇ ತಟ್ಟೆಯಲ್ಲಿ ಹತ್ತಿ ಕೂತಿರುವುದನ್ನು ಕಂಡೂ ಕಾಣದಂತೆ ಇದ್ದಳು. ಗುರುವಾರ ತೂಕಡಿಕೆ ಶಾಲೆಗೆ ಬರಲಿಲ್ಲ. ‘ಬೆಂಚು ಖಾಲಿ ಆಯ್ತಲ್ಲ, ಈಗ ಯಾರಾದ್ರೂ ಕಾಲು ಚಾಚಿ ಮಲಗ್ಬಹುದು’ ಎಂದ ಒಬ್ಬ ಹುಡುಗ. ಗಣಿತದ ಮೇಷ್ಟರು ನಗಲಿಲ್ಲ. ಸ್ಟಾಫ್‌ರೂಮಿನಲ್ಲಿ ಕಿವಿ ಮಿಸ್ ಪಕ್ಕ ಬಂದು ಕೂತು, ‘ಆ ಹುಡುಗಿ ಬೀಜಗಣಿತ ಬೇಗ ಹಿಡೀತಿತ್ತು ಕಣ್ರೀ, ಎಚ್ಚರ ಇದ್ದಾಗ’ ಎಂದಷ್ಟೇ ಹೇಳಿ ಎದ್ದುಹೋದರು.

ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಆಕೆ ಲಾಂಡ್ರಿಯ ಹಿಂಬಾಗಿಲಲ್ಲಿದ್ದಳು.

ಒಳಗೆ ಹಬೆ. ತೊಳೆಯುವ ಯಂತ್ರಗಳ ಗುಡುಗು ನೆಲದಿಂದ ಪಾದಕ್ಕೆ ಹತ್ತುತ್ತಿತ್ತು. ಮಧ್ಯದಲ್ಲಿ ಉದ್ದನೆಯ ಉರುಳೆ ಇಸ್ತ್ರಿ. ಒಂದು ಬದಿಯಲ್ಲಿ ಇಬ್ಬರು ಹೆಂಗಸರು ಒದ್ದೆ ಹೊದಿಕೆಯ ಎರಡು ಮೂಲೆ ಹಿಡಿದು ಬಿಗಿಯಾಗಿ ಎಳೆದು ಉರುಳೆಯ ಬಾಯಿಗೆ ಕೊಡಬೇಕು. ಒಬ್ಬಳ ಕೈ ಸ್ವಲ್ಪ ಸಡಿಲವಾದರೂ ಬಟ್ಟೆ ಓರೆಯಾಗಿ ಸಿಕ್ಕಿಕೊಂಡು ಸುಡುತ್ತದೆ. ಅಮ್ಮ ಎಡ ಮೂಲೆ ಹಿಡಿದಿದ್ದಳು. ಬಲ ಮೂಲೆಯಲ್ಲಿ ಅವಳ ಜೋಡಿ, ದಪ್ಪಗಿನ, ಹಲ್ಲು ಹೋದ ಹೆಂಗಸು.

‘ಯಾರೋ ಬಂದವ್ರೆ ನೋಡು, ಮೇಡಮ್ಮು. ಆಸ್ಪತ್ರೇವ್ರಾ? ಹೊದಿಕೆ ಲೆಕ್ಕ ಕಮ್ಮಿ ಬಂತಾ?’ ಎಂದಳು ಜೋಡಿ.

‘ಶಾಲೆಯವ್ರು’ ಎಂದಳು ಅಮ್ಮ, ಕೈ ನಿಲ್ಲಿಸದೆ.

ಕಿವಿ ಮಿಸ್ ಉರುಳೆಯ ಸದ್ದಿನ ಮೇಲೆ ದನಿ ಎತ್ತಿ ಹೇಳಬೇಕಾಯಿತು. ಇಂಥ ಮಾತನ್ನು ಮೆಲ್ಲಗೆ ಹೇಳುವ ಸೌಕರ್ಯವೂ ಆಕೆಗೆ ಸಿಗಲಿಲ್ಲ. ‘ನಾನು ಹೆಚ್ಚು ಬರೆದೆ. ತೀವ್ರ ಅಲ್ಲ. ಅವಳು ಏನೂ ಮಾಡ್ಕೊಳ್ಳಲ್ಲ. ಸಮಯ ಜಾಸ್ತಿ ಸಿಗ್ಲಿ ಅಂತ ಬರ್ದೆ. ನೀವು ಬಂದು ಪತ್ರ ವಾಪಸ್ ತಗೊಳ್ಳಿ. ನಾಳೆ ಪಟ್ಟಿ ಹೋಗುತ್ತೆ.’

ಒಂದು ಹೊದಿಕೆ ಹೋಯಿತು. ಅಮ್ಮ ಬುಟ್ಟಿಯಿಂದ ಇನ್ನೊಂದರ ಮೂಲೆ ಹುಡುಕಿ ಹಿಡಿದಳು.

‘ಹೆಚ್ಚು ಅಂದ್ರೆ ಎಷ್ಟು ಹೆಚ್ಚು?’

ಕಿವಿ ಮಿಸ್ ಕೈಯಿಂದ ಮುಖದ ಹಬೆ ಒರೆಸಿಕೊಂಡಳು.

‘ನೀವು ಬರ್ದಿದ್ದು ನಂಬ್ಕೊಂಡು ಮನೇಲಿ ಚಾಕು, ಕತ್ತರಿ, ಅಮ್ಮನ ಮಾತ್ರೆ ಎಲ್ಲಾ ಬಚ್ಚಿಟ್ಟಿದೀನಿ. ಬಚ್ಚಲ ಚಿಲಕ ಬಿಚ್ಚಿಸ್ದೆ. ಅವಳು ಒಳಗೆ ಹೋದ್ರೆ ನಾನು ಹೊರಗೆ ನಿಂತ್ಕೊಂಡು ನೀರಿನ ಸದ್ದು ಕೇಳ್ತೀನಿ.’ ಉರುಳೆ ಬಟ್ಟೆಯನ್ನು ಎಳೆದುಕೊಂಡಿತು. ‘ಇಲ್ಲಿಗೆ ಬಂದ್ರೂ ಆ ಸದ್ದೇ. ಎರಡು ದಿನ ಎಲ್ಲಿದ್ರಿ ನೀವು?’

‘ಹೆದರಿಕೆ ಆಯ್ತು.’

‘ಹೂಂ. ನನಗೂ ಆಯ್ತು.’ ಇನ್ನೊಂದು ಹೊದಿಕೆ ಉರುಳೆಗೆ ಕೊಟ್ಟು, ‘ಆ ಮಾತು? ಅಜ್ಜಿ ಮಾತು?’

‘ಅದು ಅವಳು ಹೇಳಿದ್ದೇ. ನಗ್ತಾ ಹೇಳಿದ್ಲು.’

‘ನಗ್ತಾ ಅಂತ ಬರ್ದಿದೀರಾ?’

‘ಇಲ್ಲ.’

ಅಮ್ಮ ಮೊದಲ ಸಲ ಕೈ ನಿಲ್ಲಿಸಿದಳು. ಜೋಡಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ‘ಮಾತು ಆಡಿದ್ರೆ ಹೋಯ್ತು ಅಂತಿದ್ರು ಹಿಂದಿನವ್ರು. ಈಗ ಹೋಗೋಕೂ ಬಿಡಲ್ಲ, ಫೈಲಿಗೆ ಹಾಕಿ ಇಟ್ಕೋತಾರೆ’ ಎಂದಳು. ಆಮೇಲೆ ತಲೆಯಲ್ಲೇ ಬಾಗಿಲು ತೋರಿಸಿ, ‘ನೀನು ಹೋಗು. ಎರಡು ಮೂಲೇನೂ ನಾನೇ ಹಿಡೀತೀನಿ. ಸುಟ್ರೆ ಸುಡ್ಲಿ, ನಮ್ಮಪ್ಪನ ಮನೆ ಹೊದಿಕೇನಾ?’ ಎಂದಳು.

ಶಾಲೆಯ ಕಚೇರಿಯಲ್ಲಿ ಗುಮಾಸ್ತ ತಲೆ ಎತ್ತದೆ ಹೇಳಿದ: ‘ಪಟ್ಟಿಯಾ? ನಿನ್ನೇನೇ ಹೋಯ್ತಲ್ಲ ಮಿಸ್. ಸರ್ ಎರಡು ದಿನ ಮುಂಚೆನೇ ಕಳಿಸ್ಬಿಡೋಣ ಅಂದ್ರು.’

ಹೆಡ್‌ಮಾಸ್ಟರು ಇಬ್ಬರಿಗೂ ಕುರ್ಚಿ ತೋರಿಸಿದರು. ಕಿವಿ ಮಿಸ್ ಕೂರಲಿಲ್ಲ. ರಾತ್ರಿ ಬರೆದು ತಂದಿದ್ದ ಹಾಳೆ ಮೇಜಿನ ಮೇಲಿಟ್ಟಳು: ಹುಡುಗಿಯ ಸ್ಥಿತಿ ಮಧ್ಯಮ, ಮೂರನೆಯ ಚೌಕದ ಗೆರೆ ನನ್ನ ತಪ್ಪು, ಪರೀಕ್ಷೆಗೆ ಅವಳು ಅರ್ಹಳು, ಕೆಳಗೆ ಸಹಿ. ಹೆಡ್‌ಮಾಸ್ಟರು ಎರಡು ಸಲ ಓದಿದರು.

‘ಒಳ್ಳೇ ಅಕ್ಷರ’ ಎಂದರು. ‘ಆದ್ರೆ ಹೋದ ಪಟ್ಟಿ ತಿದ್ದೋಕಾಗಲ್ಲ. ಇದನ್ನ ನಾನು ಮೇಲಕ್ಕೆ ಕಳಿಸೋದೂ ಇಲ್ಲ, ಆ ನಾಲ್ಕು ಮಕ್ಕಳ ಮುಖ ನೋಡಿ. ನನ್ನ ಡ್ರಾಯರಲ್ಲಿರುತ್ತೆ. ನೀವು ನಿಮ್ಮ ಪಾಡಿಗೆ ಕೆಲಸ ಮಾಡ್ಕೊಂಡಿರೋವರೆಗೂ ಅಲ್ಲೇ ಇರುತ್ತೆ.’

ಡ್ರಾಯರು ತೆರೆಯಿತು, ಮುಚ್ಚಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕೋಲು ಹಿಡಿದವರ ಕೈಗೆ ಹಾವಿನ ಬಾಲವೂ ಸಿಕ್ಕಿತು.

‘ನನ್ನ ಪತ್ರ ವಾಪಸ್ ಕೊಡಿ’ ಎಂದಳು ಅಮ್ಮ.

‘ಅದೂ ಪಟ್ಟಿ ಜೊತೆ ಹೋಯ್ತು ತಾಯಿ. ನಿಮ್ಮ ಕೈಬರಹ, ನಿಮ್ಮ ಸಹಿ. ನಾನೇನು ಮಾಡ್ಲಿ? ಒಂದು ವರ್ಷ ತಾನೇ. ವಯಸ್ಸೇನು ಮೀರಿಹೋಗಿದೆ?’

‘ನೀವು ಮೊದ್ಲು ಹೀಗೆ ಎಷ್ಟು ಜನರ ಹತ್ರ ಬರೆಸ್ಕೊಂಡಿದೀರಿ? ಅವರೆಲ್ಲ ಮುಂದಿನ ವರ್ಷ ಕಟ್ಟಿದ್ರಾ?’

ಹೆಡ್‌ಮಾಸ್ಟರು ಗಡಿಯಾರ ನೋಡಿದರು. ಕಿವಿ ಮಿಸ್‌ಗೂ ಆ ಲೆಕ್ಕ ಗೊತ್ತಿರಲಿಲ್ಲ, ಯಾರೂ ಇಟ್ಟಿರಲಿಲ್ಲ. ಜರಡಿಯ ಮೇಲೆ ನಿಂತದ್ದನ್ನು ಎಣಿಸಿ ಗೇಟಿನ ಮೇಲೆ ಬರೆಸುತ್ತಾರೆ, ಉದುರಿದ್ದನ್ನು ಗುಡಿಸುತ್ತಾರೆ.

ಅಮ್ಮ ಎದ್ದಳು. ಎದ್ದವಳು ಬಾಗಿಲ ಕಡೆ ಹೋಗಲಿಲ್ಲ. ಮೇಜಿನ ಮೇಲಿದ್ದ ಮಗಳ ಫೈಲನ್ನು ತನ್ನ ಕಡೆ ತಿರುಗಿಸಿ ತೆರೆದಳು. ಟಿಪ್ಪಣಿಯ ಹಾಳೆಗಳನ್ನು ಒಂದೊಂದಾಗಿ ಮಗುಚಿ, ಬೆರಳಿಟ್ಟು ಹುಡುಕಿ, ಆ ಸಾಲಿದ್ದ ಹಾಳೆ ಹಿಡಿದಳು.

‘ಅದು ಶಾಲೆ ದಾಖಲೆ ತಾಯಿ, ಮುಟ್ಟಬೇಡಿ.’

‘ಪರೀಕ್ಷೆ ನೀವಿಟ್ಕೊಳ್ಳಿ. ನೂರಕ್ಕೆ ನೂರು ನೀವಿಟ್ಕೊಳ್ಳಿ’ ಎಂದಳು ಅಮ್ಮ. ದನಿ ಏರಿರಲಿಲ್ಲ. ‘ಈ ಮಾತು ನಮ್ಮ ಮನೇದು.’

ಹೊದಿಕೆಯ ಮೂಲೆ ಹಿಡಿದು ಬಿಗಿಯಾಗಿ ಎಳೆದ ಕೈ ಅದು. ಹಾಳೆ ಒಂದೇ ಎಳೆತಕ್ಕೆ ದಾರದಿಂದ ಬಿಡಿಸಿಕೊಂಡು ಬಂತು. ಮಡಿಸಿ ಏಪ್ರನ್ನಿನ ಜೇಬಿಗೆ ಹಾಕಿದಳು. ಹೆಡ್‌ಮಾಸ್ಟರು ಗುಮಾಸ್ತನನ್ನು ಕರೆದರು. ಗುಮಾಸ್ತ ಬಾಗಿಲಿಗೆ ಬಂದು, ಅಮ್ಮನ ಮುಖ ನೋಡಿ, ದಾರಿ ಬಿಟ್ಟ.

ಮನೆ ಮೂರನೇ ಮಹಡಿಯಲ್ಲಿತ್ತು. ಕಿವಿ ಮಿಸ್ ಬಾ ಎಂದೂ ಬೇಡ ಎಂದೂ ಹೇಳಿಸಿಕೊಳ್ಳದೆ ಹಿಂದೆ ಮೆಟ್ಟಿಲು ಹತ್ತಿದಳು. ಒಂದೇ ಕೋಣೆ, ಪಕ್ಕದಲ್ಲಿ ಅಡುಗೆಗೆ ಒಂದು ಸಂದು. ಬಚ್ಚಲ ಬಾಗಿಲಲ್ಲಿ ಚಿಲಕವಿದ್ದ ಜಾಗದಲ್ಲಿ ನಾಲ್ಕು ತೂತುಗಳು. ಮಂಚದ ಮೇಲೆ ಅಜ್ಜಿ, ಪಕ್ಕದಲ್ಲಿ ಹುಡುಗಿ. ಇಬ್ಬರ ನಡುವೆ ಟವೆಲು. ಹುಡುಗಿ ಚಮಚದಲ್ಲಿ ತಿನ್ನಿಸುತ್ತಿದ್ದಳು. ಅಮ್ಮ ಈ ಹೊತ್ತಿಗೆ ಬಂದದ್ದು ಕಂಡು ಚಮಚ ಅರ್ಧಕ್ಕೆ ನಿಂತಿತು. ಹಿಂದೆ ಇನ್ನೊಂದು ಮುಖ ಕಂಡು ಮತ್ತೆ ತಟ್ಟೆಗೆ ಬಗ್ಗಿದಳು.

ಅಮ್ಮ ಮಂಚದ ತುದಿಯಲ್ಲಿ ಕೂತು, ಜೇಬಿನಿಂದ ಹಾಳೆ ತೆಗೆದು ಮಗಳ ತೊಡೆಯ ಮೇಲಿಟ್ಟಳು.

‘ತಗೊಂಡ್ ಬಂದೆ. ಇನ್ನು ಅಲ್ಲಿಲ್ಲ.’

ಹುಡುಗಿ ಅದನ್ನು ಮುಟ್ಟಲಿಲ್ಲ. ‘ಪರೀಕ್ಷೆ?’

‘ಪಟ್ಟಿ ಹೋಗ್ಬಿಟ್ಟಿದೆ. ಈ ವರ್ಷ ಆಗಲ್ಲ ಕಣೇ. ನಾನು ಬರ್ಕೊಡಬಾರದಿತ್ತು.’

ಹುಡುಗಿ ಚಮಚವನ್ನು ತಟ್ಟೆಯ ಅಂಚಿಗಿಟ್ಟಳು. ಅಜ್ಜಿಯ ಗಲ್ಲ ಒರೆಸಿದಳು. ಆಮೇಲೆ, ‘ನಾನು ನಿಜವಾಗ್ಲೂ ಹಾಗೆ ಅಂದೆ ಅಮ್ಮ. ಅವರು ಸೇರಿಸಿದ್ದಲ್ಲ’ ಎಂದಳು.

‘ಗೊತ್ತು.’ ಅಮ್ಮ ತನ್ನ ಬಿಳಿಚಿದ ಬೆರಳುಗಳನ್ನು ನೋಡಿಕೊಂಡಳು. ‘ನಾನೂ ಅಂದ್ಕೊಂಡಿದೀನಿ. ಒಂದ್ಸಲ ಅಲ್ಲ. ಆವತ್ತು ಬಸ್ಸಿನ ಹತ್ರ ಹೋಗಿದ್ಲಲ್ಲ, ನಿನ್ನ ಫೋನು ಬಂದಾಗ ಮೊದ್ಲು ನನ್ನ ಮನಸ್ಸಿಗೆ ಬಂದಿದ್ದೂ ಸತ್ತೋಗಿದ್ರೆ ಅಂತಾನೇ. ಹೆತ್ತ ತಾಯಿ ನನಗೆ. ನಾನು ಯಾರ ಹತ್ರಾನೂ ಹೇಳ್ಲಿಲ್ಲ, ಅಷ್ಟೇ ವ್ಯತ್ಯಾಸ.’

‘ಯಾರೇ ಅಕ್ಕಾ ಸಾಯೋದು?’ ಎಂದಳು ಅಜ್ಜಿ, ಬಾಯಲ್ಲಿದ್ದದ್ದನ್ನು ನುಂಗಿ.

‘ಯಾರೂ ಇಲ್ಲ, ತಿನ್ನು’ ಎಂದರು ತಾಯಿ ಮಗಳು ಇಬ್ಬರೂ ಒಟ್ಟಿಗೆ.

ಹುಡುಗಿಯ ತುಟಿ ಒಂದು ಪಕ್ಕಕ್ಕೆ ಹೋಯಿತು. ನಗುವೂ ಅಲ್ಲ, ಅಳುವೂ ಅಲ್ಲ. ಅಮ್ಮನ ಭುಜಕ್ಕೆ ಹಣೆ ಒತ್ತಿ ಕೂತಳು. ಟವೆಲು ಕಟ್ಟಿದ ಕೈ ಅಜ್ಜಿ ಎಳೆದ ಕಡೆ ಹೋಗುತ್ತಲೇ ಇತ್ತು.

ಕಿವಿ ಮಿಸ್ ಹೊಸ್ತಿಲಾಚೆಯೇ ನಿಂತಿದ್ದಳು. ಹೊರಡಬೇಕೆಂದು ತಿರುಗಿದಾಗ ಹಿಂದಿನಿಂದ ದನಿ ಬಂತು. ಹುಡುಗಿ ತಲೆ ಎತ್ತಿರಲಿಲ್ಲ.

‘ಖಾಸಗಿಯಾಗಿ ಕಟ್ಟೋಕೆ ಅರ್ಜಿ ಬೇಕಾಗುತ್ತಾ?’

‘ಬೇಕು. ಜೂನಲ್ಲಿ ಕೊಡ್ತಾರೆ. ನಾನು ತುಂಬಿ, ಎಲ್ಲಾ ಸರಿಮಾಡಿ ತಂದ್ಕೊಡ್ತೀನಿ.’

‘ಬೇಡ’ ಎಂದಳು ಹುಡುಗಿ. ‘ಖಾಲೀದು ತಂದ್ಕೊಡಿ. ನಾನೇ ತುಂಬ್ತೀನಿ.’